ಪರದೇಶದ ಮನೆ, ಸಾಂಬ್ರಾದ ದಾರಿ

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ತನ್ನವರೆಂಬವರು ಇಲ್ಲದವನು ಎಂಬುದು ಇನ್ನೊಂದು. ತಾಯಿತಂದೆಗಳಿಲ್ಲದ ಕೂಸನ್ನು ಕಂಡು ‘ಪರದೇಶಿ ಕೂಸು’ ಎಂದು ಮರುಗುವ ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ಆ ಗಳಿಗೆಯಲ್ಲಿ ಯಾವ ದೇಶದ ನೆನಪೂ ಇರುವುದಿಲ್ಲ. ಮೊದಲನೆಯ ಅರ್ಥ ಎರಡನೆಯದಾಗಿ ತಿರುಗಿದುದು ಏಕೆಂದು ವಿಚಾರಿಸಿದರೆ ಉತ್ತರ ಕಠಿಣವಲ್ಲ. ದೂರ ಹೋದವನಿಗೆ ಮರಳಿ ಬರುವ ದಾರಿ ಇರಲಿಲ್ಲ. ಅವನಿದ್ದಲ್ಲಿಗೆ ಇಲ್ಲಿಯವರು ಹೋಗುವ ದಾರಿಯೂ ಇರಲಿಲ್ಲ. ದಾರಿ ಇಲ್ಲದಿರುವುದೇ ದಿಕ್ಕಿಲ್ಲದಿರುವುದು.

ಓದುಗರೇ, ಇದನ್ನು ಮೊದಲಿಗೆ ಹೇಳಲು ಕಾರಣವುಂಟು. ಗೋಕಾಕ, ಹುಕ್ಕೇರಿ, ಈಚೆಗೆ ಗೋಕಾಕದಿಂದ ಬೇರ್ಪಟ್ಟು ತಾನೂ ತಾಲೂಕಾದ ಮೂಡಲಗಿ, ಈ ಮೂರು ಊರುಗಳ ಸುತ್ತಿನ ಮನೆಗಳಿಗೆ ಈಗ ಆಗಾಗ ಒಂದು ಸುದ್ದಿ ಬರುತ್ತದೆ: ‘ಅಪ್ಪಾ, ಇಲ್ಲಿಯೇ ಒಂದು ಮನೆ ತೊಗೊಂಡೆವು.’ ಇಲ್ಲಿ ಎಂದರೆ ಅಮೇರಿಕೆಯ ಯಾವುದೋ ಪಟ್ಟಣ, ದುಬೈ, ಇಲ್ಲವೆ ಆಸ್ಟ್ರೇಲಿಯಾ. ಮನೆಯ ಬೆಲೆ, ಕೋಣೆಗಳ ಸಂಖ್ಯೆ, ಸಾಲದ ಕಂತು ಎಲ್ಲವನ್ನೂ ಮಗ ವಿವರಿಸುತ್ತಾನೆ. ತಾಯಿ ಕೇಳುವುದು ಮಾತ್ರ ಒಂದೇ ಮಾತು: ‘ಅಲ್ಲಿಗೆ ಬರೂದು ಹ್ಯಾಂಗೋ?’ ಆ ಪ್ರಶ್ನೆ ಸಣ್ಣದಲ್ಲ. ದೂರದ ಮನೆ ಮನೆಯಾಗಿ ಉಳಿಯುವುದು ಅದರ ದಾರಿ ಉಳಿದಷ್ಟು ಕಾಲ ಮಾತ್ರ ಎಂಬುದು ನನ್ನ ತಿಳುವಳಿಕೆ. ನಮ್ಮ ಸೀಮೆಯ ಇತಿಹಾಸವೂ ಅದನ್ನೇ ಹೇಳುತ್ತದೆ.

ದೂರವನ್ನು ಅಳೆಯಲು ನಮ್ಮ ಹಿರಿಯರ ಬಳಿ ಮೈಲುಗಲ್ಲಿಗಿಂತ ಒಳ್ಳೆಯದಾದ ಅಳತೆಯೊಂದಿತ್ತು, ಅದು ನಾಗರಪಂಚಮಿ. ಪಂಚಮಿಗೆ ಅಣ್ಣ ಬಂಡಿ ಕಟ್ಟಿಕೊಂಡು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಮೂಡಲಗಿಯ ಹೆಣ್ಣನ್ನು ಹುಕ್ಕೇರಿಗೆ ಕೊಡಬಹುದು, ಗೋಕಾಕದ ಹೆಣ್ಣನ್ನು ರಾಯಬಾಗಕ್ಕೆ ಕೊಡಬಹುದು. ನಡುವೆ ಘಟಪ್ರಭೆ ತುಂಬಿ ಬಂದರೂ ಎರಡು ದಿನ ತಡವಾಗಿಯಾದರೂ ಬಂಡಿ ಮುಟ್ಟುತ್ತದೆ. ಬಂಡಿ ಮುಟ್ಟದ ಊರಿಗೆ ಹೆಣ್ಣು ಕೊಡುವವರು ಕಡಿಮೆ. ಹೊಲ ಎಷ್ಟು, ಎತ್ತು ಎಷ್ಟು ಎಂಬುದನ್ನು ಆಮೇಲೆ ಕೇಳುತ್ತಿದ್ದರು. ಬರಹೋಗುವ ದಾರಿಯನ್ನು ಮೊದಲು ನೋಡುತ್ತಿದ್ದರು.

ಹಾಗೆಂದು ನಮ್ಮವರು ಬಾವಿಯ ಕಪ್ಪೆಗಳಾಗಿದ್ದರೆಂದು ತಿಳಿಯಬಾರದು. ಐಹೊಳೆಯ ಐನೂರ್ವರ ಹೆಸರು ಹೊತ್ತ ವರ್ತಕ ಸಂಘ ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ಕ್ರಿ. ಶ. 1088ರ ತಮಿಳು ಶಾಸನವೊಂದನ್ನು ನಿಲ್ಲಿಸಿತು. ಆದರೆ ವರ್ತಕನದು ಬಿಡಾರ. ‘ಬಿಡು’ ಎಂಬ ಧಾತುವಿನಿಂದ ಬಂದ ಆ ಶಬ್ದದಲ್ಲಿಯೇ ಹೇರು ಇಳಿಸಿ, ಎತ್ತು ಬಿಟ್ಟು, ಮತ್ತೆ ಹೊರಡುವ ಸೂಚನೆಯಿದೆ. ಬಿಡಾರಕ್ಕೆ ಹೋಗಿಬರುವ ದಾರಿ ವರ್ತಕನಿಗೆ ಸಾಕು. ಮನೆಗೆ ಹಾಗಲ್ಲ, ಅಜ್ಜ ಅಜ್ಜಿ, ಬಾಣಂತಿ, ಕೂಸು ಎಲ್ಲರೂ ನಡೆಯಬಹುದಾದ ದಾರಿ ಬೇಕು.

ಈ ಬಿಡಾರದ ಬಾಳನ್ನು ನಮ್ಮ ಕಣ್ಣೆದುರಿಗೇ ಬಾಳಿದವರು ಗೋಕಾಕ ಫಾಲ್ಸಿನ ಇಂಗ್ಲಿಷರು. 1885ರಲ್ಲಿ ಕಂಪನಿ ಏರ್ಪಟ್ಟು, 1887ರಲ್ಲಿ ಘಟಪ್ರಭೆಯ ಧಬಧಬೆಯ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು. ಸುಮಾರು 170 ಅಡಿ ಕೆಳಗೆ ಧುಮುಕುವ ನೀರಿನ ಸದ್ದಿನಲ್ಲಿ ಸಾಹೇಬರ ಬಂಗಲೆಗಳು ಎದ್ದವು. ಅವರ ಪಾಲಿಗೆ ಗೋಕಾಕವೇ ಪರದೇಶ. ಅವರ ದಾರಿಯೂ ತುಂಡುತುಂಡಾಗಿಯೇ ಇತ್ತು: ಲಂಡನ್ನಿನಿಂದ ಆಗಬೋಟು, 1869ರಲ್ಲಿ ತೆರೆದ ಸುಯೇಜ್ ಕಾಲುವೆ, ಮುಂಬಯಿ ಬಂದರ, ಅಲ್ಲಿಂದ ಪುಣೆಯ ಮೇಲೆ ಉಗಿಬಂಡಿ, ಕೊನೆಗೆ ಗೋಕಾಕ ರೋಡ್ ಎಂಬ ಚಿಕ್ಕ ಸ್ಟೇಶನ್ನಿನಿಂದ ಕುದುರೆಯ ಗಾಡಿ. ದಾರಿಯೇ ವಾರಗಟ್ಟಲೆ ಹಿಡಿಯುತ್ತಿದ್ದಾಗ ತಾಯಿಯ ಕಾಯಿಲೆಯ ಸುದ್ದಿ ಕೇಳಿ ಹೊರಟವನು ಸಮಾಧಿಯನ್ನು ನೋಡಬೇಕೇ ಹೊರತು ತಾಯಿಯನ್ನಲ್ಲ. ಇಷ್ಟು ಅನುಕೂಲವಿದ್ದ ಬಂಗಲೆಗಳಲ್ಲಿಯೂ ಆ ಜನ ‘ಹೋಮ್’ ಎಂದರೆ ಕೊನೆಯವರೆಗೆ ಇಂಗ್ಲಂಡೇ ಆಗಿತ್ತು. ತಿರಸ್ಕಾರದಿಂದ ಹಾಗೆಂದರೆಂದು ಕೆಲವರು ಬರೆದಿದ್ದಾರೆ. ದಾರಿಯ ಉದ್ದದಿಂದ ಹಾಗೆಂದರೆಂದು ನಾನು ತಿಳಿಯುತ್ತೇನೆ.

ಇತ್ತಣಿಂದ ಅತ್ತ ಹೋದವರೂ ಇದ್ದರು. ಘಟಪ್ರಭೆಯಲ್ಲಿ 1929ರಲ್ಲಿ ಕರ್ನಾಟಕ ಆರೋಗ್ಯ ಧಾಮವನ್ನು ಕಟ್ಟಿದವರಲ್ಲಿ ಒಬ್ಬರಾದ, ಸೇವಾದಳದ ಡಾಕ್ಟರ್ ನಾ. ಸು. ಹರ್ಡೀಕರರು ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು 1921ರಲ್ಲಿ ಸ್ವದೇಶಕ್ಕೆ ಮರಳಿದರು. ಅವರು ಮರಳಿದುದು ದೇಶಸೇವೆಗಾಗಿ. ಅಲ್ಲಿಯೇ ನೆಲಸಬೇಕೆಂದ ಭಾರತೀಯರಿಗೋ ಬಾಗಿಲು ಮುಚ್ಚಿತು. 1923ರಲ್ಲಿ ಭಗತಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಭಾರತೀಯರು ಆ ದೇಶದ ನಾಗರಿಕರಾಗಲು ಅರ್ಹರಲ್ಲವೆಂದು ತೀರ್ಪು ಕೊಟ್ಟಿತು. ನಾಗರಿಕತ್ವಕ್ಕೆ ಅರ್ಹರಲ್ಲದವರು ನೆಲ ಕೊಳ್ಳಬಾರದೆಂಬ ಕಾಯಿದೆ ಕ್ಯಾಲಿಫೋರ್ನಿಯಾದಲ್ಲಿ ಮೊದಲೇ ಇತ್ತು. ಎರಡೂ ಕೂಡಿ ಬೆವರು ಸುರಿಸಿ ದುಡಿದ ಹೊಲವನ್ನೂ ತನ್ನದೆನ್ನಲಾಗದ ಸ್ಥಿತಿ ಬಂತು. 1946ರಲ್ಲಿ ಆ ಬಾಗಿಲು ವರ್ಷಕ್ಕೆ ನೂರು ಜನರಷ್ಟು ತೆರೆಯಿತು. 1965ರ ಕಾಯಿದೆಯಿಂದ ಅಗಲವಾಯಿತು. ಇಂದು ನಮ್ಮ ಹುಡುಗರು ಅಲ್ಲಿ ಕೊಳ್ಳುತ್ತಿರುವ ಮನೆಗಳಿಗೆ ಅಡಿಗಲ್ಲು ಆ ಕಾಯಿದೆಯೇ.

ಆಕಾಶದ ದಾರಿ ಮೊದಲು ತೆರೆದುದು ಕಾಗದಗಳಿಗೆ, ಮನುಷ್ಯರಿಗಲ್ಲ. 1929ರ ಮಾರ್ಚ್ 30ರಂದು ಲಂಡನ್ನಿನಿಂದ ಕರಾಚಿಗೆ ವಿಮಾನ ಸಾರಿಗೆ ಆರಂಭವಾಯಿತು. ಏಳು ದಿನಗಳ ಆ ಪ್ರಯಾಣದಲ್ಲಿ ಸ್ವಲ್ಪ ದೂರ ರೈಲು, ಸ್ವಲ್ಪ ದೂರ ನೀರ ಮೇಲೆ ಇಳಿಯುವ ವಿಮಾನ, ಮತ್ತೆ ನೆಲದ ವಿಮಾನ. ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಪಾಡು ಹುಟ್ಟಿದಂದಿನಿಂದಲೇ ವಿಮಾನಕ್ಕೆ ಅಂಟಿಕೊಂಡಿದೆ, ನೋಡಿರಿ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಗೆ ಬಂದ ಟಪಾಲನ್ನು ಒಂದೇ ಇಂಜಿನ್ನಿನ ಪುಟ್ಟ ವಿಮಾನದಲ್ಲಿ ಅಹಮದಾಬಾದಿನ ಮೇಲೆ ಮುಂಬಯಿಗೆ ತಂದರು; ಅಲ್ಲಿಂದ ಅವರ ಸಂಗಡಿಗ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಇಂದಿನ ಕರ್ನಾಟಕದ ನೆಲವು ಲಂಡನ್ನಿನೊಡನೆ ಆಕಾಶದಲ್ಲಿ ಹೀಗೆ ಜೋಡಣೆಗೊಂಡಿತು. ಬಳ್ಳಾರಿಯ ಬಯಲಿನಲ್ಲಿ ಇಳಿದ ಒಂದು ಟಪಾಲು ಚೀಲದಿಂದ.

ಇನ್ನು ಸಾಂಬ್ರಾ. ಬೆಳಗಾವಿಯಿಂದ ಮೂಡಲಿಗೆ ಸುಮಾರು ಹತ್ತು ಕಿಲೋಮೀಟರಿನ ಈ ಹಳ್ಳಿಯ ನೆಲದಲ್ಲಿ 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಬ್ರಿಟಿಷ್ ವಾಯುಪಡೆಯವರು ವಿಮಾನದಾಣ ಮಾಡಿದರು. ಜಪಾನೀಯರು ಬರ್ಮಾ ಹಿಡಿದಿದ್ದ ಕಾಲ. ಸಾಂಬ್ರಾದ ಓಡುದಾರಿ ನಮ್ಮ ಪ್ರಯಾಣಕ್ಕೆಂದು ಹುಟ್ಟಿದುದಲ್ಲ, ಆಗ್ನೇಯ ಏಶಿಯಾದ ಯುದ್ಧಕ್ಕೆಂದು ಹುಟ್ಟಿದುದು. ಯುದ್ಧ ಮುಗಿದು ಸ್ವಾತಂತ್ರ್ಯ ಬಂದ ಮೇಲೆಯೂ ಅದು ಮುಖ್ಯವಾಗಿ ನಮ್ಮ ವಾಯುಪಡೆಯ ತರಬೇತಿಯ ನೆಲೆಯಾಯಿತು. ನಾಗರಿಕರ ವಿಮಾನ ಅಲ್ಲಿ ಬಹುಕಾಲ ಅತಿಥಿ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಮೊದಲ ಸಲ ಹಾರಿದಾಗ ಗೋಕಾಕದವನಿಗೆ ಅದರ ಮೆಟ್ಟಿಲೆಂದರೆ ಘಟಪ್ರಭಾ ಸ್ಟೇಶನ್ನೇ ಆಗಿತ್ತು. ರಾತ್ರಿ ರೈಲು ಹತ್ತಿ ಪುಣೆ, ಮುಂಬಯಿ.

ಇಲ್ಲಿ ಗೋವೆಯ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಇಂದು ನಮ್ಮ ಹುಡುಗರು ರವಿವಾರದ ವಿಹಾರಕ್ಕೆ ಹೋಗಿಬರುವ ಗೋವೆ 1961ರವರೆಗೆ ಶುದ್ಧ ಪರದೇಶವಾಗಿತ್ತು. ಬೆಳಗಾವಿಗೂ ಗೋವೆಗೂ ಬೀಗತನ, ವ್ಯಾಪಾರ, ದೇವರ ನಡೆ ಎಲ್ಲವೂ ಇದ್ದು, ಕ್ಯಾಸಲ್‌ರಾಕಿನ ಘಟ್ಟ ಇಳಿಯುವ ರೈಲೇ ಅವುಗಳ ದಾರವಾಗಿತ್ತು. 1955ರಲ್ಲಿ ಪೋರ್ತುಗೀಜರೊಡನೆ ವಿವಾದ ಬಲಿತು ಆ ದಾರಿ ಕಡಿಯಿತು. ಒಂದು ದಿನದ ಹಾದಿ ಎಂದು ನಂಬಿ ಗಡಿಯ ಆಚೆ ಮನೆ ಮಾಡಿದವರು ಆಚೆ ಉಳಿದರು, ಈಚೆ ಮಾಡಿದವರು ಈಚೆ. ಪೋರ್ತುಗೀಜರು ದಾಬೋಳಿಯಲ್ಲಿ ವಿಮಾನ ನಿಲ್ದಾಣ ಕಟ್ಟಿ ತಮ್ಮದೇ ಕಂಪನಿಯ ವಿಮಾನಗಳನ್ನು ಕರಾಚಿಗೆ, ಮುಂದೆ ಲಿಸ್ಬನ್ನಿನವರೆಗೆ ಹಾರಿಸಿದರು. ಬೆಳಗಾವಿಗೆ ಇಲ್ಲದ ದಾರಿ ಲಿಸ್ಬನ್ನಿಗೆ ಇತ್ತು! 1961ರ ಡಿಸೆಂಬರ್ 18ರಂದು ಸಾಂಬ್ರಾದಿಂದ ಎದ್ದ ಆರು ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಹೊಡೆದುರುಳಿಸಿದವು. ಮರುದಿನ ಗೋವೆ ಪರದೇಶವಾಗಿ ಉಳಿಯಲಿಲ್ಲ. ಅಂದು ಯಾವ ದಾಬೋಳಿಯ ಮೇಲೆ ಬಾಂಬು ಬಿದ್ದಿತೋ ಅದೇ ದಾಬೋಳಿಯಿಂದ ಹುಕ್ಕೇರಿಯವರು ಮುಂದೆ ಪರದೇಶದ ವಿಮಾನ ಹತ್ತಿದರು. 2023ರ ಜನವರಿಯಿಂದ ಗೋವೆಯ ಉತ್ತರಕ್ಕೆ ಮೋಪಾದಲ್ಲಿ ಇನ್ನೊಂದು ನಿಲ್ದಾಣವೂ ನಡೆಯತೊಡಗಿತು.

ದಾರಿ ಇದ್ದರೂ ಕಾಯಿದೆ ಇಲ್ಲದಿದ್ದರೆ ಮನೆಯಿಲ್ಲ. ಸ್ವದೇಶದಲ್ಲಿದ್ದು ಹೊರದೇಶದಲ್ಲಿ ಮನೆ ಕೊಳ್ಳುವುದು ನಮ್ಮವರಿಗೆ ಬಹುಕಾಲ ಹೆಚ್ಚುಕಡಿಮೆ ನಿಷಿದ್ಧ. ವಿದೇಶಿ ಹಣದ ಮೇಲಿನ 1947ರ ಕಾಯಿದೆ ಬಿಗಿ. 1974ರ ಜನವರಿಯಿಂದ ಜಾರಿಗೆ ಬಂದ ಕಾಯಿದೆ ಇನ್ನೂ ಬಿಗಿ. ರಿಜರ್ವ್ ಬ್ಯಾಂಕಿನ ಅಪ್ಪಣೆಯಿಲ್ಲದೆ ಹೊರಗೆ ಮನೆ ಹೊಂದುವುದು ಅಪರಾಧವಾಗಿತ್ತು. 2000ದ ಜೂನಿನಲ್ಲಿ ಹೊಸ ಕಾಯಿದೆ ಬಂತು. 2004ರ ಫೆಬ್ರುವರಿಯಲ್ಲಿ ಒಬ್ಬರು ವರ್ಷಕ್ಕೆ 25,000 ಡಾಲರುಗಳಷ್ಟನ್ನು ಹೊರಗೆ ಕಳಿಸಬಹುದು, ಅದರಿಂದ ಮನೆಯನ್ನೂ ಕೊಳ್ಳಬಹುದು ಎಂದಾಯಿತು. ಮಿತಿ ಏರುತ್ತ 2,00,000ಕ್ಕೆ ಹೋಗಿ, 2013ರ ಆಗಸ್ಟಿನಲ್ಲಿ ರೂಪಾಯಿ ಕುಸಿದಾಗ 75,000ಕ್ಕೆ ಇಳಿದು, 2015ರಲ್ಲಿ 2,50,000 ಡಾಲರು ಆಯಿತು. ಅತ್ತ ದುಬೈಯವರು 2002ರಲ್ಲಿ ಹೊರದೇಶದವರಿಗೂ ಪೂರ್ಣ ಒಡೆತನದ ಮನೆ ಕೊಳ್ಳಲು ಅವಕಾಶ ಕೊಟ್ಟಿದ್ದರು. ಮಂಗಳೂರಿನ ಬಜಪೆಯಿಂದ 2006ರಲ್ಲಿ ದುಬೈಗೆ ನೇರ ವಿಮಾನ ಸಿಕ್ಕಿತು. ಕರಾವಳಿಯವರಿಗೆ ದಾರಿಯೂ ಕಾಯಿದೆಯೂ ಹೀಗೆ ಹೆಚ್ಚುಕಡಿಮೆ ಜೊತೆಯಾಗಿ ಬಂದವು. ನಮ್ಮ ಸೀಮೆಗೆ ಕಾಯಿದೆ ಬಂತು, ನೇರ ದಾರಿ ಬರಲಿಲ್ಲ.

ಅಲ್ಲಿ ದುಡಿಯುವ ಮಗನು ಅಲ್ಲಿಯ ಸಂಬಳದಿಂದ ಅಲ್ಲಿಯೇ ಸಾಲ ತೆಗೆದು ಮನೆ ಕೊಂಡರೆ ಈ ಮಿತಿಗಳ ತೊಡಕಿಲ್ಲ. ತೊಡಕು ಬರುವುದು ಮುಂಗಡ ಹಣ ಸಾಲದೆ ಊರಿನ ಕಬ್ಬಿನ ಹೊಲ ಮಾರಿ ತಂದೆ ಹಣ ಕಳಿಸುವಾಗ. ಆಗ ಒಂದು ಮಾತನ್ನು ಬಲ್ಲವರು ಕಡಿಮೆ, ಬಲ್ಲವರು ಹೇಳುವುದೂ ಕಡಿಮೆ. ಹೊರದೇಶದಲ್ಲಿ ನೆಲಸಿದ ಭಾರತೀಯನು ಇಲ್ಲಿ ಮನೆ ಕೊಳ್ಳಬಹುದು, ಪಟ್ಟಣದ ಅಂಗಡಿ ಕೊಳ್ಳಬಹುದು. ವ್ಯವಸಾಯದ ಭೂಮಿಯನ್ನು ಮಾತ್ರ ವಿಶೇಷ ಅಪ್ಪಣೆಯಿಲ್ಲದೆ ಕೊಳ್ಳುವಂತಿಲ್ಲ. ತಂದೆಯಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಎಂದರೆ ಘಟಪ್ರಭೆಯ ಕಾಲುವೆಯ ನೀರುಂಡ ಆ ನಾಲ್ಕು ಎಕರೆ ಒಮ್ಮೆ ಮಾರಿಹೋದರೆ, ಮಗ ಅಲ್ಲಿರುವವರೆಗೆ ಎಷ್ಟೇ ಡಾಲರು ಗಳಿಸಿದರೂ ಅದನ್ನು ತಿರುಗಿ ಕೊಳ್ಳಲಾರನು. ಹೊಲ ಕೊಟ್ಟು ಮನೆ ಕೊಂಡವರು ತಮ್ಮ ದಾರಿಯ ಒಂದು ತುದಿಯನ್ನು ತಾವೇ ಕತ್ತರಿಸಿಕೊಂಡಂತೆ.

ಸಾಂಬ್ರಾಕ್ಕೆ ಮರಳೋಣ. 2017ರಲ್ಲಿ ಅಲ್ಲಿ ಹೊಸ ನಿಲ್ದಾಣದ ಕಟ್ಟಡ ತೆರೆಯಿತು. ಓಡುದಾರಿಯನ್ನು 2,300 ಮೀಟರಿಗೆ ಉದ್ದಗೊಳಿಸಿದರು. ಸಂಭ್ರಮವೋ ಸಂಭ್ರಮ. ಮರುವರ್ಷವೇ, 2018ರಲ್ಲಿ, ಅಲ್ಲಿಂದ ಹಾರುತ್ತಿದ್ದ ವಿಮಾನಗಳನ್ನು ಕಂಪನಿಯವರು ಹುಬ್ಬಳ್ಳಿಗೆ ಸಾಗಿಸಿದರು. ಕಾರಣ ವೈರವಲ್ಲ, ಲೆಕ್ಕ. ಸಣ್ಣ ಊರುಗಳಿಗೂ ವಿಮಾನ ಸಿಗಲೆಂದು ಕೇಂದ್ರ ಸರಕಾರ ‘ಉಡಾನ್’ ಯೋಜನೆ ಹೂಡಿತ್ತು; 2017ರ ಏಪ್ರಿಲ್ 27ರಂದು ಶಿಮ್ಲಾ–ದಿಲ್ಲಿಯ ನಡುವೆ ಅದರ ಮೊದಲ ವಿಮಾನ ಹಾರಿತು. ಒಂದು ತಾಸಿನ ಹಾರಾಟಕ್ಕೆ ಕೆಲವು ಸೀಟುಗಳ ದರ ಸುಮಾರು 2,500 ರೂಪಾಯಿಗೆ ಮೀರಬಾರದು. ಕಂಪನಿಗಾಗುವ ಕೊರತೆಯನ್ನು ಸರಕಾರ ಮೂರು ವರ್ಷ ತುಂಬಿಕೊಡುವುದು. ಹುಬ್ಬಳ್ಳಿಯ ಹೆಸರು ಆ ಪಟ್ಟಿಯಲ್ಲಿ ಮೊದಲು ಬಂತು, ಬೆಳಗಾವಿಯದು ಆಗ ಇರಲಿಲ್ಲ. ವಿಮಾನ ಆ ಕಡೆಗೆ ತಿರುಗಿತು. ಬೆಳಗಾವಿಯ ಜನ ಕೂಗಿಟ್ಟು, 2019ರಲ್ಲಿ ಬೆಳಗಾವಿಯೂ ಪಟ್ಟಿಗೆ ಸೇರಿ, ಹಲವು ಊರುಗಳಿಗೆ ವಿಮಾನಗಳು ಏರ್ಪಟ್ಟವು. ಮೂರು ವರ್ಷ ತುಂಬಿದ ಮೇಲೆ ಅವುಗಳಲ್ಲಿ ಕೆಲವು ಉಳಿದವು, ಕೆಲವು ನಿಂತವು. ಬಾವಿಗೆ ಹಗ್ಗ ಕೊಟ್ಟವರು ಮೂರು ವರ್ಷದ ಮೇಲೆ ಹಗ್ಗ ಕೇಳಿದರೆ ಕೊಡ ಎಲ್ಲಿ ನಿಲ್ಲಬೇಕು?

ಯೂರೋಪಿನಲ್ಲಿ ಇದೇ ಕಥೆ ಬೇರೆ ಬಣ್ಣದಲ್ಲಿ ನಡೆದಿದೆ. 1990ರ ದಶಕದಲ್ಲಿ ಅಲ್ಲಿ ವಿಮಾನ ಸಾರಿಗೆಯ ಕಟ್ಟುಗಳು ಸಡಿಲಾಗಿ ಅಗ್ಗದ ದರದ ಕಂಪನಿಗಳು ಹುಟ್ಟಿದವು. ಲಿಮೋಜ್, ಬರ್ಜರಾಕ್, ಕಾರ್ಕಸೋನ್ ಎಂಬ ಫ್ರಾನ್ಸಿನ ಚಿಕ್ಕ ಊರುಗಳಿಗೆ ಲಂಡನ್ನಿನಿಂದ ವಿಮಾನ ಬಂತು; ವಿಮಾನದ ಹಿಂದೆಯೇ ಇಂಗ್ಲಿಷರು ಬಂದು ಹಳ್ಳಿಯ ಹಳೆಯ ಕಲ್ಲುಮನೆಗಳನ್ನು ಕೊಂಡರು. ಆದರೆ ಲಾಭವಿಲ್ಲದ ಮಾರ್ಗವನ್ನು ನಿಲ್ಲಿಸುವುದಕ್ಕೆ ಕಂಪನಿಗೆ ಒಂದು ಪ್ರಕಟಣೆ ಸಾಕು. ಮನೆಯನ್ನು ಹಾಗೆ ಎತ್ತಿ ಬೇರೆಡೆ ಇಡಲಾಗದು. ಹತ್ತಿರದ ನಿಲ್ದಾಣ ನೋಡಿ ಮನೆ ಕೊಂಡವನು, ವಿಮಾನ ನಿಂತಾಗ, ಅರಣ್ಯದಲ್ಲಿ ಕೊಂಡವನಂತೆ ಆಗುತ್ತಾನೆ.

ನಮ್ಮವರ ಕಷ್ಟ ಇದಕ್ಕಿಂತ ಒಂದು ತೂಕ ಹೆಚ್ಚು. ಏಕೆಂದರೆ ಸಾಂಬ್ರಾದಿಂದ ಸಮುದ್ರದಾಚೆಗೆ ಯಾವ ವಿಮಾನವೂ ಒಂದೇ ಹಾರಿಕೆಯಲ್ಲಿ ಹೋಗುವುದಿಲ್ಲ. ಬೆಂಗಳೂರು, ಮುಂಬಯಿ, ಹೈದರಾಬಾದು ಇಂಥ ಊರಿನಲ್ಲಿ ಇಳಿದು ಬೇರೆಯದನ್ನು ಹಿಡಿಯಬೇಕು. ಇಲ್ಲಿ ಟಿಕೀಟಿನ ಒಂದು ಮರ್ಮವಿದೆ, ಅದನ್ನು ಬಿಡಿಸಿ ಹೇಳುತ್ತೇನೆ. ಸಾಂಬ್ರಾದಿಂದ ಕೊನೆಯ ಊರಿನವರೆಗೆ ಒಂದೇ ಟಿಕೀಟು ಮಾಡಿಸಿದ್ದರೆ, ಮೊದಲ ವಿಮಾನ ಮಂಜಿನಿಂದ ತಡವಾಗಿ ಎರಡನೆಯದು ತಪ್ಪಿದರೂ ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಕಂಪನಿಯವರದು; ಪೆಟ್ಟಿಗೆಗಳೂ ಸಾಮಾನ್ಯವಾಗಿ ಕೊನೆಯ ಊರಿನವರೆಗೆ ತಾವೇ ಹೋಗುತ್ತವೆ. ನೂರಿನ್ನೂರು ಉಳಿಯುತ್ತದೆಂದು ಎರಡು ಬೇರೆ ಟಿಕೀಟು ಮಾಡಿಸಿದರೆ ಎರಡನೆಯ ಕಂಪನಿಗೆ ನಿಮ್ಮ ಗೊಡವೆಯಿಲ್ಲ. ವಿಮಾನ ತಪ್ಪಿತೆಂದರೆ ಹಣ ಹೋಯಿತು. ನಡುವಿನ ಊರಿನಲ್ಲಿ ಪೆಟ್ಟಿಗೆಯನ್ನು ತಾವೇ ಇಳಿಸಿಕೊಂಡು, ಹೊರಗೆ ಬಂದು, ತಿರುಗಿ ಒಪ್ಪಿಸಬೇಕು. ದೇವನಹಳ್ಳಿಯಲ್ಲಿ 2023ರ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳೆಲ್ಲ ಎರಡನೆಯ ಕಟ್ಟಡಕ್ಕೆ ಹೋದವು. ಒಂದನೆಯ ಕಟ್ಟಡದಲ್ಲಿ ಇಳಿದವರು ಬಸ್ಸು ಹತ್ತಿ ಅಲ್ಲಿಗೆ ಹೋಗಬೇಕಾಯಿತು. ಮಗನಿಗೆ ಇದು ಅರ್ಧ ತಾಸಿನ ಕೆಲಸ. ಮೊಣಕಾಲು ನೋವಿನ ತಾಯಿಗೆ, ಇಂಗ್ಲಿಷು ಬಾರದ ತಂದೆಗೆ, ಕೈಯಲ್ಲಿ ಜೋಳದ ಹಿಟ್ಟಿನ ಗಂಟು, ಗೋಕಾಕದ ಕರದಂಟಿನ ಡಬ್ಬಿ ಹಿಡಿದುಕೊಂಡು, ಇದು ಸಮುದ್ರೋಲ್ಲಂಘನವೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆ ಕೊಳ್ಳುವ ಮೊದಲು ಎರಡು ಊರುಗಳ ನಡುವೆ ತೂಗುತ್ತಿದ್ದನು. ಒಂದೂರಿನಲ್ಲಿ ಮನೆ ದೊಡ್ಡದು. ಬೆಂಗಳೂರಿನಿಂದ ಅಲ್ಲಿಗೆ ಮೂರು ಸಲ ವಿಮಾನ ಬದಲಿಸಬೇಕು. ಇನ್ನೊಂದರಲ್ಲಿ ಒಂದು ಕೋಣೆ ಕಡಿಮೆ, ಒಂದೇ ಬದಲು. ‘ಗುರುಗಳೇ, ತಾವೇನಂತೀರಿ?’ ಎಂದು ಕೇಳಿದನು. ‘ನಿಮ್ಮ ಅವ್ವನನ್ನು ಕೇಳಪಾ’ ಎಂದೆನು. ಅವನು ಒಂದು ಕೋಣೆ ಕಡಿಮೆಯ ಮನೆಯನ್ನೇ ಕೊಂಡನು.

2020ರಲ್ಲಿ ಆದುದನ್ನು ಯಾರೂ ಮರೆತಿರಲಾರರು. ಮಾರ್ಚ್ 23ರಿಂದ ಹೊರದೇಶಗಳ ನಿಯತ ವಿಮಾನಗಳೆಲ್ಲ ನಿಂತವು. ಅವು ಮೊದಲಿನಂತೆ ಹಾರತೊಡಗಿದುದು 2022ರ ಮಾರ್ಚ್ 27ರಂದು. ನಡುವೆ ಮೇ 7ರಿಂದ ‘ವಂದೇ ಭಾರತ’ ಎಂಬ ವಿಶೇಷ ವಿಮಾನಗಳು, ಆಮೇಲೆ ದೇಶದೇಶಗಳ ಒಪ್ಪಂದದ ವಿಮಾನಗಳು ಇದ್ದವು, ನಿಜ. ಆದರೆ ಬೇಕೆಂದ ದಿನ ಹೊರಡುವ ದಾರಿ ಎರಡು ವರ್ಷ ಇರಲಿಲ್ಲ. ಈ ಮೂರು ತಾಲೂಕುಗಳಲ್ಲಿ ತಂದೆಯ ಮಣ್ಣಿಗೆ ಬಾರದ ಮಕ್ಕಳು, ಚೊಚ್ಚಲ ಬಾಣಂತನಕ್ಕೆ ಹೋಗಲಾಗದ ತಾಯಂದಿರು ಎಷ್ಟೋ. ಹಿಂದೆ ಗೋಕಾಕ ಫಾಲ್ಸಿನ ಸಾಹೇಬನಿಗೆ ಬಂದ ಗತಿಯೇ ಅವರಿಗೂ ಬಂತು. ಅವನಿಗೆ ವಾರಗಟ್ಟಲೆ ಹಿಡಿದರೂ ಆಗಬೋಟು ಸಿಗುತ್ತಿತ್ತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ನಮ್ಮ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ಪಶ್ಚಿಮಕ್ಕೆ ಹೋಗುವ ದಾರಿಗಳು ಮತ್ತೆ ಸುತ್ತಾದವು. 1932ರಲ್ಲಿ ನಮಗೆ ಲಂಡನ್ನಿನ ಟಪಾಲು ತಂದುಕೊಟ್ಟ ಕರಾಚಿಯ ಆಕಾಶವೇ ಅದು.

ಹೀಗಾಗಿ ಹುಕ್ಕೇರಿಯವರು ಈಗ ಒಂದು ದಾರಿಯನ್ನು ನೆಚ್ಚುವುದಿಲ್ಲ. ಸಾಂಬ್ರಾದಲ್ಲಿ ಅನುಕೂಲವಿಲ್ಲದಿದ್ದರೆ ಕೊಲ್ಲಾಪುರ ನೋಡುತ್ತಾರೆ, ಗೋವೆ ನೋಡುತ್ತಾರೆ. ಮೂಡಲಗಿಯವರು ಹುಬ್ಬಳ್ಳಿಯನ್ನೂ ವಿಚಾರಿಸುತ್ತಾರೆ. ಯಾವುದೂ ಕೂಡದಿದ್ದರೆ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರು. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ: ಮಾರ್ಚ್ ತಿಂಗಳ ಕೊನೆಯ ರವಿವಾರ ಒಮ್ಮೆ, ಅಕ್ಟೋಬರ್ ತಿಂಗಳ ಕೊನೆಯ ರವಿವಾರ ಇನ್ನೊಮ್ಮೆ. ಮಾರ್ಗ ಹುಟ್ಟುವುದೂ ಸಾಯುವುದೂ ಹೆಚ್ಚಾಗಿ ಆ ಎರಡು ದಿನಗಳಲ್ಲಿ. ಗೋಕಾಕದ ಒಬ್ಬ ನಿವೃತ್ತ ತಲಾಠಿಯವರ ಮನೆಯ ಗೋಡೆಯ ಪಂಚಾಂಗದಲ್ಲಿ ಪಂಚಮಿ, ದಸರೆಗಳ ಜೊತೆಗೆ ಆ ಎರಡು ರವಿವಾರಗಳಿಗೂ ಕೆಂಪು ಮಸಿಯ ಗುರುತು ಹಾಕಿರುವುದನ್ನು ಈಚೆಗೆ ಕಂಡೆನು. ಅವರ ಮಗಳ ಮನೆ ಮೆಲ್ಬೋರ್ನಿನಲ್ಲಿ.